ಕೊಂಕುಶೋಧಕ ಮತ್ತು ಕುಮುದಿನಿಯ ಕಿಟಕಿ

“ಬಾರೇ, ಬೇಗ ಬಾ! ಇತಿಹಾಸ ಸೃಷ್ಟಿಯಾಗೋ ಹೊತ್ತಲ್ಲಿ ಯಾರಾದ್ರೂ ಒಗ್ಗರಣೆ ಹಾಕ್ತಾರಾ?”

ತಿರುಮಲೇಶ ಕೂಗಿದ್ದು ಮಂಚದ ಮೇಲಿಂದ. ಒಲೆ ಇದ್ದದ್ದು ಮಂಚದಿಂದ ಒಂದು ಮೊಳ ಆಚೆ. ಬೆಂಗಳೂರಿನ ಲಗ್ಗೆರೆಯ ಆ ಒಂಟಿ ಕೋಣೆಗೆ ಕಿಟಕಿಯೆಂಬುದೇ ಇರಲಿಲ್ಲ. ಬಾಡಿಗೆ ಮಾತ್ರ ಅರಮನೆಯದು! ಇದ್ದಷ್ಟು ಜಾಗವನ್ನೂ ಗಂಡನ ಯಂತ್ರಗಳು ನುಂಗಿದ್ದರಿಂದ, ಕುಮುದಿನಿ ಕತೆ ಬರೆಯುತ್ತಿದ್ದದ್ದು ಬಚ್ಚಲಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು.

ಮಂಚದ ಮೇಲೆ ಹೊಸದೊಂದು ಯಂತ್ರವಿತ್ತು. ಹಳೇ ಪ್ರಿಂಟರ್, ಪುಟ್ಟದೊಂದು ಪರದೆ, ಮಿಕ್ಸಿಯ ಮೋಟಾರು, ನೆತ್ತಿಯ ಮೇಲೊಂದು ಕುಕ್ಕರಿನ ವಿಶಲ್ಲು.

“ಇದರ ಹೆಸರು ಕೊಂಕುಶೋಧಕ! ಏನೇ ಓದಲಿ, ಕೇಳಲಿ, ತಪ್ಪು ಹುಡುಕುತ್ತೆ. ತಪ್ಪಿಗೊಂದು ವಿಶಲ್. ಆಮೇಲೆ ತಾನೇ ತಿದ್ದುತ್ತೆ!”

“ನಿಮ್ಮಮ್ಮನೂ ಹಾಗೇ ಅಲ್ವಾ? ಅವರಿಗೆ ಕರೆಂಟೂ ಬೇಡ.”

ತಿರುಮಲೇಶ ಕೇಳಿಸದವನಂತೆ, ಮನೆ ಓನರ್ ಗೇಟಿಗೆ ತೂಗುಹಾಕಿದ್ದ ‘ಗಾಳಿ ಬೆಳಕುಳ್ಳ ವಿಶಾಲವಾದ ಮನೆ ಬಾಡಿಗೆಗಿದೆ’ ಬೋರ್ಡನ್ನು ಬಿಚ್ಚಿ ತಂದು ಯಂತ್ರದ ಮುಂದೆ ಹಿಡಿದ. ಕುಂಯ್ಯೋ! ಕುಂಯ್ಯೋ! ಕುಂಯ್ಯೋ! ನಿಲ್ಲಲೇ ಇಲ್ಲ.

“ಕುಮುದಿನೀ! ಬೇಳೆ ಕರಗಿ ನೀರಾಯ್ತು ಕಣಮ್ಮಾ, ಇಳಿಸು!” ಎಂದು ಮಹಡಿಯಿಂದ ಓನರ್ ಹೆಂಡತಿ ಕಿರುಚಿದರು.

ಕುಮುದಿನಿ ಬಿದ್ದು ಬಿದ್ದು ನಕ್ಕಳು. ಅವತ್ತು ಅವಳು ನಕ್ಕದ್ದು ಅದೇ ಕೊನೆ.

ಆ ಭಾನುವಾರ ಸಂಜೆ ಆರಕ್ಕೆ ಒಂದು ಪ್ರಕಾಶನದ ವಿಜ್ಞಾನ ಕತೆ ಸ್ಪರ್ಧೆ ಮುಗಿಯುವುದಿತ್ತು. ಗೆದ್ದವರಿಗೆ ಒಂದು ವರ್ಷ ನಗರದ ನಡುವೆ ಬರೆಯಲೊಂದು ಕೋಣೆ. ಬಾಡಿಗೆಯಿಲ್ಲ. ಮೇಜು, ಕುರ್ಚಿ, ಮತ್ತೆ, ಅಯ್ಯೋ ದೇವರೇ, ದೊಡ್ಡದೊಂದು ಕಿಟಕಿ! ಜಾಹೀರಾತಿನಲ್ಲಿದ್ದ ಆ ಕಿಟಕಿಯ ಚಿತ್ರವನ್ನು ಕುಮುದಿನಿ ಬಚ್ಚಲ ಗೋಡೆಗೆ ಅಂಟಿಸಿಕೊಂಡಿದ್ದಳು. ಅವಳ ಕತೆಯಲ್ಲೂ ಕಿಟಕಿಯೇ ಜೀವ. ರೇವತಿಯೆಂಬ ಗುಮಾಸ್ತೆ ಕಿಟಕಿ ತೆಗೆಯುತ್ತಾಳೆ, ದಾರಿ ತಪ್ಪಿದ ಅನ್ಯಗ್ರಹದವನೊಬ್ಬ ನೀರು ಕೇಳುತ್ತಾನೆ, ಇಬ್ಬರೂ ಬೆಳಗಾಗುವ ತನಕ ಹರಟುತ್ತಾರೆ. ಅಷ್ಟೇ ಕತೆ.

“ಕತೆ ಚೆನ್ನಾಗಿದೆ ಕಣೇ. ಆದ್ರೂ ಒಂದ್ಸಲ ಯಂತ್ರಕ್ಕೆ ಹಾಕೋಣ. ನಮ್ಮ ಬಳಗದವರ ಮೂರು ತಿಂಗಳ ಜಗಳ ಪೂರ್ತಿ ಕೇಳಿಸಿ ಪಳಗಿಸಿದೀನಿ.”

ಬಳಗವೆಂದರೆ ಅಂತರಿಕ್ಷ ಬಳಗ. ಬಾಹ್ಯಾಕಾಶದ ಧಾರಾವಾಹಿಯೊಂದರ ಕಟ್ಟಾ ಅಭಿಮಾನಿಗಳು. ಪ್ರತಿ ಭಾನುವಾರ ಬೈಕಿನ ಕವರಿಗೆ ಬೆಳ್ಳಿ ಹಾಳೆ ಅಂಟಿಸಿ, ಅದನ್ನೇ ಅಂತರಿಕ್ಷದ ಉಡುಪೆಂದು ತೊಟ್ಟು ಬಸ್ಸಿನಲ್ಲಿ ಬಂದು, ಮೂರನೇ ಕಂತಿನಲ್ಲಿ ಎಡಕ್ಕೆ ತೆರೆದ ನೌಕೆಯ ಬಾಗಿಲು ಹನ್ನೊಂದನೇ ಕಂತಿನಲ್ಲಿ ಬಲಕ್ಕೆ ಹೇಗೆ ತೆರೆಯಿತೆಂದು ಗಂಟಲು ಹರಿದುಕೊಳ್ಳುತ್ತಿದ್ದರು. ಅವರ ಮುಂದೆ ಕುಮುದಿನಿ ಒಮ್ಮೆ ಶುಕ್ರಗ್ರಹದ ಕತೆಯೊಂದನ್ನು ಓದಿದ್ದಳು. “ಮೇಡಂ, ಶುಕ್ರಗ್ರಹದಲ್ಲಿ ಬಟ್ಟೆ ಒಣಗುತ್ತಾ?” ಎಂದು ಬಳಗದ ಅಧ್ಯಕ್ಷ ಪರಾಂಕುಶ ಕೇಳಿ ಎಲ್ಲರನ್ನೂ ನಗಿಸಿದ್ದ. ಆ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು.

“ಹಾಕಿ,” ಎಂದಳು. ಹಾಗೆ ಅನ್ನಬಾರದಿತ್ತು!

ಕುಂಯ್ಯೋ! “ಗುಮಾಸ್ತೆ ಸಂಬಳಕ್ಕೆ ಕಿಟಕಿ ಇರೋ ಮನೆನಾ? ಅಷ್ಟೂ ಗೊತ್ತಿಲ್ವಾ ಮೇಡಂ?” ಯಂತ್ರ ಥೇಟ್ ಪರಾಂಕುಶನ ದನಿಯಲ್ಲೇ ಕೇಳಿತು. ಪರದೆಯ ಮೇಲೆ ಕಿಟಕಿ ಅಳಿಸಿಹೋಯಿತು.

“ರೀ! ಅನ್ಯಗ್ರಹದವನು ಬಂದದ್ದು ಸರಿ, ಕಿಟಕಿ ತಪ್ಪಾ?”

“ಅದು ಬಳಗದ ಬುದ್ಧಿ ಕಣೇ. ಹಾರೋ ತಟ್ಟೆ ಒಪ್ಪುತ್ತೆ, ಬಾಡಿಗೆ ಲೆಕ್ಕ ಬಿಡಲ್ಲ.”

ಕುಮುದಿನಿ ಯಂತ್ರ ನಿಲ್ಲಿಸಲು ಕೈ ಚಾಚಿದಳು. ಬಳಗದವರ ನಗು ನೆನಪಾಗಿ ಹಿಂದಕ್ಕೆಳೆದುಕೊಂಡಳು. ಕಿಟಕಿಯಿಲ್ಲದ ಮೇಲೆ, ಯಂತ್ರ ತಿದ್ದಿದ ಕತೆಯಲ್ಲಿ ಅನ್ಯಗ್ರಹದವನು ಗೇಟಿಗೆ ಬಂದ. ಕುಂಯ್ಯೋ! ವಾಚ್‌ಮನ್ ಒಳಗೆ ಬಿಡಲಿಲ್ಲ. ಬಾಡಿಗೆ ಮನೆ ಹುಡುಕಿದ. ಕುಂಯ್ಯೋ! “ಮೂರು ಕಾಲಿನವರಿಗೆ ಕೊಡಲ್ಲ, ನೀವು ಏನು ಜನ?” ಎಂದ ಬ್ರೋಕರ್. ರೇವತಿ ಊರಾಚೆಗೆ ಮನೆ ಬದಲಿಸಿ, ಕತೆ ಮುಗಿಯುವ ತನಕ ಸಿಗ್ನಲ್ಲಿನಲ್ಲೇ ನಿಂತಳು.

ಅಷ್ಟರಲ್ಲಿ ಬಳಗ ಬಂತು! ಕೋಣೆ ತುಂಬ ಬೆಳ್ಳಿ ಹಾಳೆಯ ಸರಬರ ಸದ್ದು.

“ಮೂರು ಕಾಲಿನವನು ಬಸ್ ಹತ್ತೋದು ಹೇಗ್ರೀ?” ಎಂದ ಒಬ್ಬ. ಕುಂಯ್ಯೋ!

“ಹತ್ತಿದ್ರೂ ಸೀಟು ಸಿಗುತ್ತಾ?” ಎಂದ ಇನ್ನೊಬ್ಬ. ಕುಂಯ್ಯೋ!

ಅನ್ಯಗ್ರಹದವನು ಬೇಸತ್ತು ತನ್ನ ಊರಿಗೇ ಹೊರಟುಹೋದ. ರೇವತಿಯ ಪರಿಚಯವೂ ಆಗಲಿಲ್ಲ, ಒಂದು ಲೋಟ ನೀರೂ ಹುಟ್ಟಲಿಲ್ಲ.

“ಸಾಕು, ನಿಲ್ಲಿಸಿ! ಇದು ನನ್ನ ಕತೆಯಲ್ಲ!” ಕುಮುದಿನಿ ವೈರು ಕಿತ್ತಳು. ಯಂತ್ರ ನಿಲ್ಲಲಿಲ್ಲ.

“ಯುಪಿಎಸ್ ಹಾಕಿದೀನಿ!” ತಿರುಮಲೇಶ ಹೆಮ್ಮೆಯಿಂದ ಎದೆಯುಬ್ಬಿಸಿದ. ಆಮೇಲೆ ಹೆಂಡತಿಯ ಮುಖ ನೋಡಿ ಎದೆ ಇಳಿಸಿದ. “ತಪ್ಪೆಲ್ಲಾ ಮುಗಿದ ತಕ್ಷಣ ತಾನೇ ಸ್ಪರ್ಧೆಗೆ ಕಳಿಸಿಬಿಡುತ್ತೆ ಕಣೇ... ನಿನಗೆ ಸಹಾಯ ಆಗ್ಲಿ ಅಂತ...”

ಕೊನೆಯದೊಂದು ಉದ್ದನೆಯ ವಿಶಲ್. “ಬರೆದವರು ಕುಮುದಿನಿ ಅಂತಿದೆ. ‘ಇದು ನನ್ನ ಕತೆಯಲ್ಲ’ ಅಂತ ಅವರೇ ಹೇಳಿದ್ರಲ್ಲ?” ಯಂತ್ರ ಅವಳ ಹೆಸರನ್ನು ಅಳಿಸಿ ‘ಕೊಂಕುಶೋಧಕ’ ಎಂದು ಬರೆದು ಕಳಿಸಿಯೇಬಿಟ್ಟಿತು. ಒಂದು ವಿಳಾಸದಿಂದ ಒಂದೇ ಕತೆ. ಮತ್ತೆ ಕಳಿಸುವ ಹಾಗಿರಲಿಲ್ಲ.

ಪರಾಂಕುಶ ಅವಳ ಮೂಲ ಕತೆಯನ್ನು ಕೇಳಿ ಪಡೆದು, ಬಚ್ಚಲ ಬಾಗಿಲಲ್ಲಿ ನಿಂತು ಪೂರ್ತಿ ಓದಿದ. “ಇದನ್ನೇ ಕಳಿಸಬೇಕಿತ್ತಲ್ಲ ಮೇಡಂ,” ಎಂದ. “ನಾವು ತಪ್ಪು ಹುಡುಕೋದು ಇಷ್ಟ ಆದದ್ದರಲ್ಲೇ. ಆ ಶುಕ್ರಗ್ರಹದ ಕತೆ ನನಗೆ ಈಗಲೂ ಬಾಯಿಪಾಠ ಬರುತ್ತೆ.”

ಇದನ್ನು ಅವತ್ತೇ ಬಾಯಿ ಬಿಟ್ಟು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು! ಕುಮುದಿನಿ ಬಕೆಟ್ಟಿನ ಮೇಲೆ ಕೂತು ಅತ್ತಳು. ತಿರುಮಲೇಶ ಅವಳ ಪಕ್ಕದಲ್ಲಿ ತಂಬಿಗೆಯ ಮೇಲೆ ಕೂತ.

ಫಲಿತಾಂಶ ಬಂತು. ‘ನಗರದ ಬದುಕಿನ ಇಷ್ಟು ನಿಷ್ಠುರ ಚಿತ್ರ ಹಿಂದೆ ಬಂದಿಲ್ಲ’ ಎಂದರು ತೀರ್ಪುಗಾರರು. ಮೊದಲ ಬಹುಮಾನ ಕೊಂಕುಶೋಧಕರಿಗೆ! ಪ್ರಕಾಶನದ ಕಚೇರಿಯಲ್ಲಿ ಕುಮುದಿನಿ ಧೈರ್ಯ ಮಾಡಿ “ಸಾರ್, ಅದನ್ನ ಬರೆದದ್ದು ನಾನೇ...” ಎಂದಳು. ಗಂಡನ ಚೀಲದೊಳಗಿಂದ ಕುಂಯ್ಯೋ! ಸುಳ್ಳಲ್ಲವೇ ಮತ್ತೆ? ಆ ಕತೆಯಲ್ಲಿ ಅವಳದೊಂದು ಸಾಲೂ ಉಳಿದಿರಲಿಲ್ಲ. ನಿಯಮ ಅಂದರೆ ನಿಯಮ. ಬರೆದವರಿಗೇ ಕೋಣೆ, ಬರೆದದ್ದು ಯಂತ್ರವಾದರೂ ಸರಿ.

ಈಗ ಆ ಮೇಜಿನ ಮೇಲೆ, ಆ ದೊಡ್ಡ ಕಿಟಕಿಯೆದುರು, ಕೊಂಕುಶೋಧಕ ಗಾಳಿ ತಿನ್ನುತ್ತಾ ಕೂತಿದೆ. ಕುಮುದಿನಿ ಭಾನುವಾರ ಹೋಗಿ ಅದರ ಧೂಳು ಒರೆಸಿ ಬರುತ್ತಾಳೆ. ಮೊನ್ನೆ ಮನಸ್ಸು ತಡೆಯದೆ ತನ್ನ ಹಳೇ ಕತೆಯನ್ನು ಅದರ ಮುಂದೆ ಗಟ್ಟಿಯಾಗಿ ಓದಿದಳು. ರೇವತಿ ಕಿಟಕಿ ತೆಗೆಯುವ ಸಾಲು ಬಂದಾಗ ಕಣ್ಣೆತ್ತಿ ಅದರ ವಿಶಲ್ಲನ್ನೇ ನೋಡಿದಳು. ವಿಶಲ್ ಆಗಲಿಲ್ಲ. ಕತೆ ಮುಗಿದರೂ ಆಗಲಿಲ್ಲ.

“ಕಿಟಕಿ ಇರಬಹುದು,” ಎಂದಿತು ಯಂತ್ರ ಮೆತ್ತಗೆ. “ನಾನೇ ನೋಡ್ತಾ ಇದೀನಲ್ಲ.”

ಅವಳು ಕಣ್ಣೊರೆಸಿಕೊಂಡು ಕೆಳಗಿಳಿದಳು. ಗೇಟಿನಲ್ಲಿ ಹೊಸ ವಾಚ್‌ಮನ್ ತಡೆದ. “ಯಾರಮ್ಮಾ ನೀವು?”

“ಲೇಖಕರ ಕಡೆಯವಳು,” ಎಂದಳು ಕುಮುದಿನಿ.