ಮಾಮಾನ ಜಪಾನು, ಅತ್ತಿಯ ಇಟಲಿ

ಜಗತ್ತಿನಲ್ಲೇ ಅಪರೂಪವಾದ ಎರಡು ಕಾರುಗಳ ಬಗ್ಗೆ ನಮ್ಮ ಮಾಮಾನಷ್ಟು ತಿಳಿದವರು ಜೇವರ್ಗಿ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಎರಡನ್ನೂ ಅವರು ಕಣ್ಣಾರೆ ಕಂಡಿಲ್ಲ ಎಂಬುದೊಂದೇ ಸಣ್ಣ ಕೊರತೆ!

ಮಾಮಾ ಟ್ರ್ಯಾಕ್ಟರ್ ಮೆಕ್ಯಾನಿಕ್. ಅಂಗಡಿಯ ಗೋಡೆಗೆ ಎರಡೂ ಕಾರುಗಳ ಚಿತ್ರ ಅಂಟಿಸಿದ್ದರು. ಎಡಗಡೆ ಇಟಲಿಯದು. ಮಾಮಾ ಹುಟ್ಟುವ ಮೊದಲೇ ತಯಾರಾದದ್ದು. ಎಂಜಿನ್ನು ಕೂತವರ ಬೆನ್ನ ಹಿಂದೆ, ದೀಪಗಳ ಸುತ್ತ ಕಣ್ಣಿನ ರೆಪ್ಪೆಯಂಥ ಕಪ್ಪು ಗೆರೆಗಳು. ಬಲಗಡೆ ಜಪಾನಿನದು, ಈ ಕಾಲದ್ದು. ಅದರ ಎಂಜಿನ್ ಏರುವ ವೇಗಕ್ಕೆ ಮೀಟರಿನ ಮುಳ್ಳು ಸಾಲದೆ ಪರದೆ ಕೂರಿಸಿದರಂತೆ! ಮಾಮಾ ಜಪಾನಿನ ಪಕ್ಷ.

ಒಮ್ಮೆ ಯಡ್ರಾಮಿಯ ರೈತರೊಬ್ಬರು ಬಂದು, "ಬ್ರೇಕ್ ಹಿಡಿವಲ್ದು, ನೋಡ್ರಿ" ಎಂದರು.

ಮಾಮಾ ಗೋಡೆ ತೋರಿಸಿದರು. "ಮೊದಲ ಇದನ್ನ ಹೇಳ್ರಿ. ಯಾವುದು ಚಲೋ?"

"ಎಡಗಡಿದು."

ಆ ಟ್ರ್ಯಾಕ್ಟರ್ ಸಂಜೆಯವರೆಗೂ ಬಿಸಿಲಲ್ಲೇ ನಿಂತಿತ್ತು. ಬಲಗಡೆಯದು ಎಂದವರಿಗಾದರೆ ಚಹಾ ಬರುತ್ತಿತ್ತು!

ಮನೆಯಲ್ಲಿ ಮಾತ್ರ ಈ ದರ್ಬಾರು ನಡೆಯುತ್ತಿರಲಿಲ್ಲ. ಮಾಮಾನ ಹೆಂಡತಿ, ನಮ್ಮ ಅತ್ತಿ, ಇಟಲಿಯ ಪಕ್ಷ.

"ಬೆನ್ನಿಗೆ ಒಲಿ ಕಟ್ಕೊಂಡು ಕುಂತಂಗ ಆಗ್ತದ ಅದ್ರಾಗ!" ಎನ್ನುತ್ತಿದ್ದರು ಮಾಮಾ.

"ನಾ ದಿನಾ ಒಲಿ ಮುಂದ ಕುಂದ್ರತೇನಿ. ಹಿಂದಿದ್ರ ಏನಾತ್ರಿ? ನಿಮ್ಮ ಜಪಾನಕ್ಕ ರೆಪ್ಪಿ ಅದಾವೇನು?"

ಇದಕ್ಕೆ ಯಾವ ಎಂಜಿನಿಯರ್ ಉತ್ತರ ಕೊಟ್ಟಾನು, ನೀವೇ ಹೇಳಿ!

ಆಮೇಲೆ ಅತ್ತಿಯ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಮಾಮಾನ ಹಳೇ ಜೀಪಿನಲ್ಲಿ ಕಲಬುರಗಿಗೆ, ಡಯಾಲಿಸಿಸ್‌ಗೆ. ಜಗಳವೂ ಜೀಪು ಹತ್ತಿತು. ಗುಂಡಿ ಬಂದಾಗೆಲ್ಲ ಅತ್ತಿ ನೋವು ನುಂಗಿಕೊಂಡು, "ಈ ರಸ್ತೆದಾಗ ನಿಮ್ಮ ಜಪಾನ್ ಬರಲಿ, ಹೊಟ್ಟಿ ಹರ್ಕೋತದ" ಎನ್ನುತ್ತಿದ್ದರು.

"ನಿನ್ನ ಇಟಲಿ ಏನ್ ಹಾರ್ಕೊಂತ ಬರ್ತದೇನು?"

ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಆಸ್ಪತ್ರೆ ಬಾಗಿಲಲ್ಲಿ ನಮ್ಮನ್ನಿಳಿಸಿ ಮಾಮಾ ಜೀಪು ನಿಲ್ಲಿಸಲು ಹೋದಾಗ ಕೇಳಿದೆ, "ಅತ್ತಿ, ಕಾರಿನ ಬಗ್ಗೆ ಇಷ್ಟೆಲ್ಲ ಹೆಂಗ ತಿಳ್ಕೊಂಡ್ರಿ?"

"ನನಗೇನು ತಿಳಿತದ ತಮ್ಮಾ? ಮಾತು ನಿಂತ್ರ ಅವರು ನನ್ನ ಮಾರಿ ನೋಡ್ತಾರ. ನೋಡಿದ್ರ ಅಳ್ತಾರ. ಗಾಡಿ ಹೊಡಿಬೇಕಲ್ಲ" ಎಂದರು.

ಚಳಿಗಾಲ ಮುಗಿಯುವ ಮೊದಲೇ ಅತ್ತಿ ಹೋದರು.

ತಿಂಗಳಾದ ಮೇಲೆ ಅಂಗಡಿಗೆ ಹೋದೆ. ಮಾಮಾ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬಂದ ಟ್ರ್ಯಾಕ್ಟರ್ ಬಿಚ್ಚುತ್ತಿದ್ದರು, ಜೋಡಿಸುತ್ತಿದ್ದರು. ಹೇಗಾದರೂ ಮಾತಾಡಿಸಬೇಕೆಂದು ನಾನೇ ಕೆಣಕಿದೆ.

"ಏನಂದ್ರೂ ಇಟಲಿದೇ ಚಲೋ ನೋಡ್ರಿ ಮಾಮಾ!"

"ಹೌದು" ಎಂದರು. ಅಷ್ಟೇ.

ಇಷ್ಟು ವರ್ಷ ಹೆಂಡತಿಗೂ ಸೋಲದ ಮನುಷ್ಯ ನನ್ನ ಒಂದೇ ಮಾತಿಗೆ ಸೋತುಬಿಟ್ಟರೆ? ನನಗೆ ತಡೆಯಲಾಗಲಿಲ್ಲ. ಅಂದು ಆಸ್ಪತ್ರೆಯಲ್ಲಿ ಅತ್ತಿ ಹೇಳಿದ್ದನ್ನೆಲ್ಲ ಹೇಳಿದೆ.

ಮಾಮಾ ಬೋಲ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು.

"ಗೊತ್ತಿತ್ತು ಅಳಿಯಾ. ಅದಕ್ಕೇ ನಾ ಒಪ್ಪಲಿಲ್ಲ. ಒಪ್ಪಿದ್ರ ಮಾತು ಮುಗೀತಿತ್ತಲ್ಲ."

ಅಲ್ಲೇ ಟೈರಿನ ಮೇಲೆ ಕುಳಿತರು. ಎರಡೂ ಕೈಗೆ ಗ್ರೀಸು. ಮುಖ ಮುಚ್ಚಿಕೊಳ್ಳಲಾರದೆ, ಬೀದಿಗೆ ಎದುರಾಗಿ ಹಾಗೇ ಅತ್ತರು. ಕಣ್ಣು ಒರೆಸಿದ್ದು ನಾನು.