ಹೃದಯದ ಚೀಲಕ್ಕೊಂದು ಮುಚ್ಚಳ

ನನ್ನ ಹೃದಯದಲ್ಲಿ ಒಂದು ಪುಟ್ಟ ಚೀಲವಿದೆಯಂತೆ. (ಎಲ್ಲರಿಗೂ ಇರುತ್ತದಂತೆ, ನಾನು ಸುಮ್ಮನೆ ಹಿಗ್ಗಿದೆ.) ಬಡಿತ ತಾಳ ತಪ್ಪಿದರೆ ಅದರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿನ ಕಡೆ ಹೊರಟಿತೋ, ಪಾರ್ಶ್ವವಾಯು! ಅದಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೆ. ಆದರೆ ನಾನು ಆಗಾಗ ಬೀಳುವ ಪ್ರಾಣಿ; ಬಿದ್ದರೆ ರಕ್ತ ನಿಲ್ಲದು. ಹೃದಯದ ವೈದ್ಯರು, "ಚೀಲದ ಬಾಯಿಗೇ ಮುಚ್ಚಳ ಹಾಕೋಣ" ಎಂದರು. ಮಾತ್ರೆ ನನಗೆ ಅಪಾಯವೆಂದು ತನ್ನ ವೈದ್ಯರಿಗೆ ಮನವರಿಕೆಯಾದರೆ ಖರ್ಚು ಕೊಡುವುದಾಗಿ ವಿಮಾ ಕಂಪನಿ ಹೇಳಿತು. ಬಿದ್ದಾಗ ನಾನು ಆಸ್ಪತ್ರೆಗೆ ಹೋದವನೇ ಅಲ್ಲ. ಹಾಗಾಗಿ ದಾಖಲೆಯೇ ಇಲ್ಲ; ವಿಡಿಯೊ ಕರೆಯಲ್ಲಿ ವಿಚಾರಣೆ.

"ರೀ, ಬಚ್ಚಲಲ್ಲಿ ಬಿದ್ದಿದ್ದು, ಮೆಟ್ಟಿಲಲ್ಲಿ ಬಿದ್ದಿದ್ದು ಎಲ್ಲಾ ಹೇಳಿ. ನನ್ನ ಹತ್ರ ಉಗುರು ಕಿತ್ತರೂ ಮನೆ ಒಂದು ಮಾಡ್ತೀರಲ್ಲ, ಹಾಗೇ ಹೇಳಿ" ಎಂದಳು ನನ್ನಾಕೆ.

"ನಂಗೇ ಪಾಠ ಹೇಳ್ತೀಯಾ?"

ಮೇಜಿನ ಮೇಲಿನ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ಕುಳಿತೆ. ಅವಳು ಕುರ್ಚಿಯ ಹಿಂದೆ ನಿಂತಳು.

"ಸಾರ್! ನಮಸ್ಕಾರ! ನಾನು, ಕೊನೇ ಬೆಂಚಿನವ್ನು! ಒಂಟಿಕಾಲಲ್ಲಿ ನಿಲ್ಲಿಸ್ತಿದ್ರಲ್ಲ!"

ವಿಮಾ ವೈದ್ಯ ನನ್ನ ಶಿಷ್ಯ! ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಆಗಾಗ ಬೀಳ್ತೀರಂತೆ?"

"ಯಾರೋ ಹೇಳಿದ್ದು? ಬಂಡೆ ಇದ್ದ ಹಾಗಿದೀನಿ!"

ಬೆನ್ನಿಗೊಂದು ತಿವಿತ ಬಿತ್ತು. "ಮೊನ್ನೆ ಬಚ್ಚಲಲ್ಲಿ ಬಿದ್ರಲ್ಲ!"

"ಅದು ಬಿದ್ದಿದ್ದಲ್ಲ ಕಣೇ, ಕೂತಿದ್ದು. ಸ್ವಲ್ಪ ಬೇಗ ಕೂತೆ."

"ರಕ್ತ ಒರೆಸೋಕೆ ಎರಡು ಟವೆಲ್ ಸಾಲ್ಲಿಲ್ಲ!"

"ನೋಡೋ ಇಲ್ಲಿ!" ಎಂದು ಎದ್ದು ಒಂಟಿಕಾಲಲ್ಲಿ ನಿಂತೇಬಿಟ್ಟೆ. ವಿಜಯಸ್ತಂಭ! ಅಲುಗಾಡಲಿಲ್ಲ. ಗೆದ್ದವನಂತೆ ಕುಳಿತೆ.

ಹಿಂದಿನಿಂದ ಸಣ್ಣ ದನಿ ಬಂತು. "ಗೆದ್ರಿ ಬಿಡಿ. ಇನ್ನು ಆಪರೇಷನ್ ಹೇಗ್ರೀ ಮಾಡ್ಸೋದು? ನಿಮಗೇನಾದ್ರೂ ಆದ್ರೆ ನಾನು..." ನನ್ನ ಗೆಲುವೆಲ್ಲ ಇಳಿದುಹೋಯಿತು.

"ಇನ್ನೊಂದ್ಸಲ ಎದ್ದೇಳಿ ಸಾರ್" ಎಂದ ಶಿಷ್ಯ. ಎದ್ದೆ. "ಕೂತ್ಕೊಳ್ಳಿ. ಆಯ್ತು, ಮುಚ್ಚಳ ಹಾಕಿಸಬಹುದು ಅಂತ ಬರೀತೀನಿ."

"ಕಂಬದ ಹಾಗೆ ನಿಂತೆನಲ್ಲೋ!"

"ನಿಂತ್ರಿ. ಆದ್ರೆ ನೀವು ಎದ್ದಾಗಲೆಲ್ಲ ಹಿಂದಿನಿಂದ ಎರಡು ಕೈ ಬರ್ತಾವೆ ಸಾರ್. ಒಂದು ನಿಮ್ಮ ಸೊಂಟದ ಹತ್ರ ಮುಟ್ಟದೇ ಕಾಯುತ್ತೆ. ಇನ್ನೊಂದು ಮೇಜಿನ ಮೂಲೆ ಮುಚ್ಚುತ್ತೆ, ನಿಮ್ಮ ತಲೆಗೆ ತಾಗಬಾರದು ಅಂತ. ಬೀಳದವರ ಮನೇಲಿ ಕೈಗೆ ಇಷ್ಟು ಅಭ್ಯಾಸ ಆಗಲ್ಲ."

(ಕನ್ನಡಕ ನನ್ನ ಹಣೆಯ ಮೇಲಿತ್ತು; ಪರದೆಯಲ್ಲಿ ನನಗೇನೂ ಕಂಡಿರಲಿಲ್ಲ.)

ತಿರುಗಿ ನೋಡಿದೆ. ಅವಳು ತನ್ನ ಕೈಗಳನ್ನೇ ಬೆರಗಿನಿಂದ ನೋಡಿಕೊಳ್ಳುತ್ತಿದ್ದಳು. "ನಂಗೂ ಗೊತ್ತಿರ್ಲಿಲ್ಲ ರೀ."

"ಕ್ಲಾಸಲ್ಲಿ ನಾನು ಯಾರ ಕೈಯೂ ಇಲ್ದೆ ಒಬ್ಬನೇ ನಿಂತಿದ್ದೆ ಸಾರ್. ಹಾಗಾಗಿ ನಾನು ಪಾಸು, ನೀವು ಫೇಲು" ಎಂದು ನಗುತ್ತಾ ಶಿಷ್ಯ ಫೋನಿಟ್ಟ.

ಈಗ ಮುಚ್ಚಳ ಬಿದ್ದಿದೆ. ಆ ಮಾತ್ರೆಯನ್ನೂ ವೈದ್ಯರು ನಿಲ್ಲಿಸಿದ್ದಾರೆ. ಆದರೂ ಏಳುವಾಗಲೆಲ್ಲ, ಆ ಕೈಗಳಿವೆಯೇ ಎಂದು ಒಮ್ಮೆ ಹಿಂದಿರುಗಿ ನೋಡುತ್ತೇನೆ.

"ಮುಂದೆ ನೋಡ್ರೀ! ಹಿಂದೆ ತಿರುಗಿ ತಿರುಗಿಯೇ ಬೀಳ್ತೀರ!"

ನಿನ್ನೆ ಬಿದ್ದೆ. (ಅಂದರೆ, ಸ್ವಲ್ಪ ಬೇಗ ಕೂತೆ.)