ನಗುವಿಗೂ ಸಹಿ ಬೇಕು

ಹಾಡು ನಿಲ್ಲಿಸುವವರು ನನಗೆ ಹೋದಲ್ಲೆಲ್ಲ ಸಿಗುತ್ತಾರೆ. ಅರವತ್ತರ ದಶಕದಲ್ಲಿ, ಮಂಡ್ಯದ ಮನೆಯಲ್ಲಿ ನಾನಿನ್ನೂ ಲಂಗ ತೊಟ್ಟು ಓಡಾಡುತ್ತಿದ್ದ ಕಾಲಕ್ಕೆ, ರೇಡಿಯೊದಲ್ಲಿ ಸಿನಿಮಾ ಹಾಡು ಶುರುವಾದ ಕೂಡಲೇ ದೊಡ್ಡಪ್ಪ ಬಂದು ಅದರ ಕಿವಿ ತಿರುಚುತ್ತಿದ್ದರು. ನಾನು ಮತ್ತೆ ಹಾಕಿದರೆ ನನ್ನ ಕಿವಿ ತಿರುಚುತ್ತಿದ್ದರು. ಮರ್ಯಾದಸ್ಥರ ಮನೆಯ ರೇಡಿಯೊ ವಾರ್ತೆ ಮಾತ್ರ ಹೇಳಬೇಕು ಅನ್ನುವುದು ಅವರ ವಾದ. ಅಂದಿನಿಂದ ಯಾರಾದರೂ 'ಈ ಹಾಡು ಬೇಡ' ಅಂದರೆ ಸಾಕು, ನನ್ನ ಕೈ ತಾನಾಗಿಯೇ ವಾಲ್ಯೂಮ್ ಕಡೆಗೆ ಹೋಗುತ್ತದೆ.

ಇಂಥ ಕೈಯನ್ನು ಕಟ್ಟಿಕೊಂಡು ನಾನು ಕುವೈತಿಗೆ ಬಂದೆ. ಯಜಮಾನರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಮನೆ ಫರ್ವಾನಿಯಾದಲ್ಲಿ. ನನಗೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಟೈಲ್ಸ್ ಮತ್ತು ಬಾತ್‌ಟಬ್ ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ನನ್ನ ಮೇಜಿನ ಮೇಲೆ ಒಂದು ಮೈಕು, ಆಂಪ್ಲಿಫೈಯರು, ಟೇಪ್ ರೆಕಾರ್ಡರು. ಗೋದಾಮಿನ ತುಂಬ ಲೌಡ್‌ಸ್ಪೀಕರುಗಳು. 'ಡ್ರೈವರ್ ಎರಡನೇ ಗೇಟಿಗೆ ಬರಬೇಕು' ಎಂದು ಕೂಗುವುದು, ಬೆಳಿಗ್ಗೆ ಹತ್ತರ ಚಹಾ ಹೊತ್ತಿಗೆ ಹದಿನೈದು ನಿಮಿಷ ಹಾಡು ಹಾಕುವುದು ನನ್ನ ಕೆಲಸ. ಗೋದಾಮಿನವರು ಅದನ್ನು 'ರೇಡಿಯೊ' ಅಂತಲೇ ಕರೆಯುತ್ತಿದ್ದರು.

ಆ ರೇಡಿಯೊಗೂ ಒಬ್ಬ ದೊಡ್ಡಪ್ಪ ಇದ್ದರು. ನಮ್ಮ ಮುದೀರ್, ಅಂದರೆ ಮ್ಯಾನೇಜರು, ಈಜಿಪ್ಟಿನವರು. ಮನುಷ್ಯ ಕೆಟ್ಟವರಲ್ಲ. ಕೆಲಸಗಾರರಿಗೆ ಜ್ವರ ಬಂದರೆ ತಾವೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವವರು. ಆದರೆ ಹಾಡು ಕಂಡರೆ ಮಾತ್ರ ಭಯ. ಪ್ರತಿ ಹಾಡಿಗೂ ಒಂದು ಫಾರಂ ಮಾಡಿಸಿದ್ದರು: ಭಾಷೆ, ಅರ್ಥ, ಉದ್ದೇಶ, ಮುದೀರರ ಸಹಿ. ಉದ್ದೇಶ ಅನ್ನುವಲ್ಲಿ ನಾನು ಯಾವಾಗಲೂ 'ಚಹಾ' ಎಂದು ಬರೆಯುತ್ತಿದ್ದೆ.

ನಕ್ಕವಳು ಯಾರು?

ಒಂದು ಹಿಂದಿ ಹಾಡಿನ ನಡುವೆ ಹುಡುಗಿ ಕಿಲಕಿಲ ನಗುತ್ತಿದ್ದಳು. ಮೂರೇ ಸೆಕೆಂಡು. ಮುದೀರರು ಕೋಣೆಯಿಂದ ಓಡಿ ಬಂದರು.

"ಮಮ್ನೂ! ಇದು ನಿಷಿದ್ಧ! ಹಾಡಬಹುದು, ನಗುವಂತಿಲ್ಲ. ನೂರೈವತ್ತು ಗಂಡಸರಿದ್ದಾರೆ. ಅವಳು ಯಾಕೆ ನಗುತ್ತಿದ್ದಾಳೆ ಅಂತ ಯೋಚನೆ ಮಾಡುತ್ತಾ ಟೈಲ್ಸ್ ಕೆಳಗೆ ಹಾಕುತ್ತಾರೆ."

"ಅವಳಿಗೆ ಸಂತೋಷವಾಗಿದೆ ಸರ್," ಅಂದೆ.

"ಫಾರಂನಲ್ಲಿ ಸಂತೋಷ ಅಂತ ಬರೆದಿದ್ದೀರಾ?"

ಬರೆದಿರಲಿಲ್ಲ. ಸರಿ, ಆ ಮೂರು ಸೆಕೆಂಡಿನ ಮೇಲೆ ಮೌನವನ್ನು ರೆಕಾರ್ಡ್ ಮಾಡಿ ನಗುವನ್ನು ಅಳಿಸಿದೆ. ಮರುದಿನ ಹಾಡು ಹಾಕಿದೆ. ನಗು ಇದ್ದ ಜಾಗ ಬಂತು. ಸ್ಪೀಕರುಗಳು ಸುಮ್ಮನಾದವು. ಆ ಖಾಲಿ ಜಾಗದಲ್ಲಿ ಇಡೀ ಗೋದಾಮು, ಮೀಸೆ ಹೊತ್ತ ನೂರೈವತ್ತು ಜನ, ಹೆಣ್ಣು ಧ್ವನಿ ಮಾಡಿ ಕಿಲಕಿಲ ನಕ್ಕರು. ಹಾಡು ಬಿಟ್ಟಲ್ಲಿಂದ ಮುಂದುವರಿಯಿತು.

ಮುದೀರರು ಮತ್ತೆ ಓಡಿ ಬಂದರು. ನಾನು ಕ್ಯಾಸೆಟ್ಟನ್ನು ತೆಗೆದು ಅವರ ಕೈಗೇ ಕೊಟ್ಟೆ. "ನೋಡಿಕೊಳ್ಳಿ ಸರ್, ಇದರಲ್ಲಿ ಯಾರೂ ನಕ್ಕಿಲ್ಲ."

ಲೇಬಲ್ ಇಲ್ಲದ ಹುಡುಗಿ

ನಮ್ಮ ಸ್ಟೋರ್‌ಕೀಪರ್ ಕಾರ್ಕಳದ ಕಡೆಯವರು. ಆ ಕಂಪನಿಯಲ್ಲಿ ಕನ್ನಡ ಮಾತಾಡಲು ನನಗಿದ್ದದ್ದು ಅವರೊಬ್ಬರೇ. ಹೆಂಡತಿ, ಮಗಳು ಊರಲ್ಲಿ. ಮಗಳಿಗೆ ಆರು ವರ್ಷ. ಅವರು ಅವಳ ಮುಖ ನೋಡಿ ಮೂರು ವರ್ಷ ಆಗಿತ್ತು. 1990ರ ಬೇಸಿಗೆಗೆ ಮುಂಚೆ, ರಜೆಗೆ ಹೋಗಿ ಬಂದ ಯಾರದೋ ಕೈಯಲ್ಲಿ ಅವಳು ಒಂದು ಕ್ಯಾಸೆಟ್ಟು ಕಳಿಸಿದಳು. ತಾನೇ ಕಟ್ಟಿದ ಹಾಡು, ತಾನೇ ಹಾಡಿದ್ದು.

'ಬಸ್ಸು ಬಂತು ಬಸ್ಸು, ನಮ್ಮಪ್ಪ ಇಳಿದ್ರಾ? ಇಲ್ವಾ ಕಂಡಕ್ಟ್ರೇ, ಸೀಟಿನಡಿ ನೋಡಿ!'

ಅಷ್ಟೇ ಹಾಡು. ಸೀಟಿನಡಿಗೆ ಬಂದಾಗ ತನ್ನ ಮಾತಿಗೆ ತಾನೇ ನಕ್ಕುಬಿಟ್ಟಿದ್ದಳು.

ಸ್ಟೋರ್‌ಕೀಪರ್ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಮೇಜಿಗೆ ತಂದರು. "ಅಕ್ಕ, ಒಂದು ಎಡವಟ್ಟು ಮಾಡಿಕೊಂಡಿದ್ದೇನೆ ಮಾರಾಯ್ರೆ. ನಿನ್ನ ಹಾಡು ಕುವೈತಿನ ರೇಡಿಯೊದಲ್ಲಿ ಬರ್ತದೆ ಅಂತ ಮಗಳಿಗೆ ಬರ್ದುಬಿಟ್ಟೆ. ಈಗ ಪ್ರತಿ ಕಾಗದದಲ್ಲೂ ಬಂತಾ, ಬಂತಾ ಅಂತ ಕೇಳ್ತಾಳೆ. ಸುಳ್ಳು ಹೇಳ್ಲಿಕ್ಕೆ ಕೈ ಬರುದಿಲ್ಲ."

"ಅದಕ್ಕೇನಂತೆ? ನಾಳೆಯೇ ಹಾಕೋಣ," ಅಂದೆ. ಮಾತು ಕೊಟ್ಟಾಗಿತ್ತು.

ಮುದೀರರು ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಲೇಬಲ್ ಎಲ್ಲಿ? ಮುಚ್ಚಳದ ಮೇಲೆ ಚಿತ್ರ ಎಲ್ಲಿ? ಅಂಗಡಿಯ ಸ್ಟಿಕ್ಕರ್ ಎಲ್ಲಿ? ಮನೆಯಲ್ಲಿ ರೆಕಾರ್ಡ್ ಮಾಡಿದ್ದು ಮಮ್ನೂ. ಯಾರು ಏನು ಹೇಳಿರುತ್ತಾರೋ ಯಾರಿಗೆ ಗೊತ್ತು?"

"ಆರು ವರ್ಷದ ಮಗು ಸರ್!"

"ಹಾಗಾದರೆ ಇನ್ನೂ ಕಷ್ಟ. ಮಕ್ಕಳು ನಿಜ ಹೇಳಿಬಿಡುತ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಮೂರು ಸಲ ಫಾರಂ ಕೊಟ್ಟೆ. ಮೂರು ಸಲವೂ ವಾಪಸು ಬಂತು. ಮೂರನೆಯ ಸಲ ಅದರ ಜೊತೆ ಒಂದು ಖಾಲಿ ಲೇಬಲ್ ಇಟ್ಟು ಕಳಿಸಿದ್ದರು, ಮೊದಲು ಹುಡುಗಿಯ ಕ್ಯಾಸೆಟ್ಟು ಅಂಗಡಿಯಲ್ಲಿ ಮಾರಾಟಕ್ಕೆ ಬರಲಿ ಅಂತ.

ಬಾರದ ಸರಕು

ಆ ಸಿಟ್ಟಿಗೇ ನಾನು ಫಾರಂನಲ್ಲಿ ಸುಳ್ಳು ಬರೆಯಲು ಶುರು ಮಾಡಿದೆ. ನಿಜ ಬರೆದವರಿಗೆ ಸಹಿ ಸಿಗದಿದ್ದರೆ ಇನ್ನೇನು ಮಾಡುವುದು? ಪ್ರಿಯಕರ ಬರಲಿಲ್ಲವೆಂದು ಹೆಣ್ಣೊಬ್ಬಳು ಗೋಳಾಡುವ ಒಂದು ಹಿಂದಿ ಹಾಡಿತ್ತು. ಅರ್ಥ ಅನ್ನುವಲ್ಲಿ ಬರೆದೆ: 'ಹಡಗು ಇನ್ನೂ ಬಂದಿಲ್ಲ. ಸರಕಿಗಾಗಿ ಕಾಯುತ್ತಿದ್ದೇವೆ. ದಾರಿ ನೋಡಿ ಕಣ್ಣು ಸೋತಿದೆ.'

ಆ ದಿನಗಳಲ್ಲಿ ನಮ್ಮ ಬಾತ್‌ಟಬ್ಬುಗಳು ಎಲ್ಲೋ ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಮುದೀರರು ಫಾರಂ ಓದಿ ಕನ್ನಡಕ ತೆಗೆದರು. ಚಹಾ ಹೊತ್ತಿಗೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿದರು.

"ಪಾಪ," ಅಂದರು. "ಇವಳದೂ ಇಂಪೋರ್ಟ್ ವ್ಯವಹಾರವಾ?"

"ಹೌದು ಸರ್. ತುಂಬಾ ನಷ್ಟ ಆಗಿದೆ."

ಎರಡು ದಿನ ಬಿಟ್ಟು ಒಬ್ಬ ಗಿರಾಕಿಯ ಫೋನ್ ಬಂತು. ಮುಂಬೈ ಕಡೆಯ ವ್ಯಾಪಾರಿ. ಬಾತ್‌ಟಬ್ ಎಲ್ಲಿ ಎಂದು ಬಾಯಿಗೆ ಬಂದಂತೆ ಕೂಗಾಡುತ್ತಿದ್ದರು. ಮುದೀರರು ಕೈಸನ್ನೆ ಮಾಡಿದರು: "ಆ ಹಾಡು ಹಾಕಿ. ನಮ್ಮ ಕಷ್ಟ ಅವರಿಗೂ ತಿಳಿಯಲಿ."

ಬೇಡ ಅನ್ನಲು ನಾನ್ಯಾರು? 'ನಮ್ಮ ಮುದೀರರ ಉತ್ತರ ಕೇಳಿ' ಎಂದು ಹೇಳಿ ರಿಸೀವರನ್ನು ಟೇಪ್ ರೆಕಾರ್ಡರಿನ ಮುಂದೆ ಹಿಡಿದೆ. ನೀನಿಲ್ಲದೆ ನಿದ್ದೆ ಬಾರದು, ಬಾ ನನ್ನ ಒಡೆಯ ಎಂದು ಅವಳು ಎರಡು ನಿಮಿಷ ಬಿಕ್ಕಿ ಬಿಕ್ಕಿ ಅತ್ತಳು. ಆ ಕಡೆಯ ಕೂಗಾಟ ನಿಂತಿತು. ಆಮೇಲೆ ಬಹಳ ಮೆತ್ತಗಿನ ದನಿ ಕೇಳಿತು.

"ಮೇಡಂ, ಬಾತ್‌ಟಬ್ ನಿಧಾನಕ್ಕೆ ಬರಲಿ. ನಿಮ್ಮ ಮುದೀರರಿಗೆ ಆರೋಗ್ಯ ಸರಿ ಇದೆ ತಾನೇ?"

ಯಾರಿಗೂ ಬೇಡದ್ದು

ಮುದೀರರು ಬೇಸಿಗೆ ರಜೆಗೆ ಕೈರೋಗೆ ಹೋದರು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಮ್ಮೆಲ್ಲರ ಪಾಸ್‌ಪೋರ್ಟು ಆಫೀಸಿನ ಕಪಾಟಿನಲ್ಲಿ, ಕಪಾಟಿನ ಕೀಲಿಕೈ ಕೈರೋದಲ್ಲಿ. ಬೇರೆ ಕಾಗದ ಮಾಡಿಸಿಕೊಂಡು ಬಹಳ ಜನ ಹೊರಟರು. ಯಜಮಾನರು ಆಸ್ಪತ್ರೆ ಬಿಟ್ಟು ಬರುವುದಿಲ್ಲ ಅಂದರು, ನಾನು ಅವರನ್ನು ಬಿಟ್ಟು ಹೋಗುವುದಿಲ್ಲ ಅಂದೆ. ಗೋದಾಮಿನ ಬೀಗ ಸ್ಟೋರ್‌ಕೀಪರ್ ಕೈಯಲ್ಲಿತ್ತು. ಅವರೂ ಉಳಿದರು. ಊರಿನ ಕಾಗದಗಳು ನಿಂತುಹೋದವು.

ಒಂದು ಬೆಳಿಗ್ಗೆ ಅವರು ಮನೆಗೆ ಬಂದರು. "ಅಕ್ಕ, ಅಕ್ಕಪಕ್ಕದ ಗೋದಾಮುಗಳನ್ನು ದೋಚ್ತಾ ಇದ್ದಾರೆ. ಆಂಪ್ಲಿಫೈಯರನ್ನೂ ಟೇಪ್ ರೆಕಾರ್ಡರನ್ನೂ ನಾನು ಬಾತ್‌ಟಬ್ಬಿನ ಪೆಟ್ಟಿಗೆಯಲ್ಲಿ ಹುಲ್ಲಿನಡಿ ಅಡಗಿಸಿದ್ದೇನೆ. ಆದ್ರೆ ಮಗಳ ಕ್ಯಾಸೆಟ್ಟು ನಿಮ್ಮ ಡ್ರಾಯರಿನಲ್ಲಿ ಉಂಟಲ್ಲ? ಅದರ ಕೀಲಿ ನಿಮ್ಮತ್ರ."

ಯಜಮಾನರು ಬೈದರು, ಹಾಡಿಗೋಸ್ಕರ ಯಾರಾದರೂ ಪ್ರಾಣ ಕಳೆದುಕೊಳ್ಳುತ್ತಾರಾ ಅಂತ. ನಾನು ಚಪ್ಪಲಿ ಮೆಟ್ಟಿದೆ. ದೊಡ್ಡಪ್ಪನ ಕಾಲದಿಂದ ಹಾಡು ನಿಲ್ಲಿಸುವವರನ್ನು ನೋಡಿ ಸಾಕಾಗಿತ್ತು. ಈಗ ಬಂದೂಕು ಹಿಡಿದು ಬಂದಿದ್ದಾರೆ, ಅಷ್ಟೇ ವ್ಯತ್ಯಾಸ.

ಡ್ರಾಯರಿನಲ್ಲಿದ್ದ ಎಲ್ಲ ಕ್ಯಾಸೆಟ್ಟುಗಳನ್ನೂ ಬಿಸ್ಕತ್ತಿನ ಡಬ್ಬಿಗೆ ತುಂಬಿಕೊಂಡು ಕಂಪನಿಯ ಪಿಕಪ್ಪಿನಲ್ಲಿ ವಾಪಸು ಹೊರಟೆವು. ದಾರಿಯಲ್ಲಿ ಚೆಕ್‌ಪೋಸ್ಟು. ಸೈನಿಕ ಡಬ್ಬಿ ತೆರೆದು ಕಣ್ಣರಳಿಸಿದ. ಹಿಂದಿ ಸಿನಿಮಾದ ಹೀರೊಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ, ಅವರೆಲ್ಲ ನಮ್ಮ ನೆಂಟರೇನೋ ಎಂಬಂತೆ ಕ್ಷೇಮ ವಿಚಾರಿಸುತ್ತಾ, ಚಿತ್ರವಿದ್ದ ಕ್ಯಾಸೆಟ್ಟುಗಳನ್ನೆಲ್ಲ ಜೇಬಿಗೆ ಸೇರಿಸಿದ. ಮುದೀರರು ಸಹಿ ಹಾಕಿದ್ದ ಒಂದನ್ನೂ ಬಿಡಲಿಲ್ಲ. ಕೊನೆಗೆ ಮಗಳ ಕ್ಯಾಸೆಟ್ಟು ಅವನ ಕೈಗೆ ಹೋಯಿತು. ಸ್ಟೋರ್‌ಕೀಪರ್ ಮುಖ ಬಿಳಿಚಿಕೊಂಡಿತು.

ನಾನು ಸುಮ್ಮನಿರಲಿಲ್ಲ. "ಅದು ಕೊಡು! ಅದು ಇವರ ಮಗಳದು!" ಎಂದು ಕನ್ನಡದಲ್ಲೇ ಗದರಿದೆ.

ಅವನು ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿದ, ಥೇಟ್ ನಮ್ಮ ಮುದೀರರ ಹಾಗೆ. ಚಿತ್ರ ಇಲ್ಲ, ಲೇಬಲ್ ಇಲ್ಲ, ಸ್ಟಿಕ್ಕರ್ ಇಲ್ಲ. ಮುಖ ಸಿಂಡರಿಸಿ ನನ್ನ ಮಡಿಲಿಗೆ ಎಸೆದ.

ಸ್ಟೋರ್‌ಕೀಪರ್ ಪಿಕಪ್ಪನ್ನು ಸ್ವಲ್ಪ ದೂರ ಓಡಿಸಿ, ಬದಿಗೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿಕೊಂಡರು. "ಆ ಮುದೀರರ ಮಾತು ಕೇಳದಿದ್ದದ್ದೇ ಒಳ್ಳೆದಾಯ್ತು ಅಕ್ಕ. ಅವರು ಹೇಳಿದ್ದಕ್ಕೆ ನಾವು ಲೇಬಲ್ ಅಂಟಿಸಿದ್ರೆ ಇವತ್ತು ಮಗಳು ಹೋಗ್ತಿದ್ಳು."

ಬಂತಾ?

ಮರುವರ್ಷ ಸೈನ್ಯ ಹೋಯಿತು. ಎಣ್ಣೆಬಾವಿಗಳ ಹೊಗೆಗೆ ಹಾಡುಹಗಲಲ್ಲೇ ದೀಪ ಹಚ್ಚಬೇಕಿತ್ತು. ಆ ಹೊಗೆಯಲ್ಲೇ ಮುದೀರರು ಬಂದರು. ಗೋದಾಮಿನಲ್ಲಿ ಉಳಿದದ್ದು ಇಪ್ಪತ್ತು ಜನ, ಹುಲ್ಲಿನಡಿ ಅಡಗಿದ್ದ ಆಂಪ್ಲಿಫೈಯರು, ಟೇಪ್ ರೆಕಾರ್ಡರು, ಮತ್ತು ಏಣಿ ಎಟುಕದಷ್ಟು ಎತ್ತರದಲ್ಲಿದ್ದ ಕಾರಣಕ್ಕೆ ಬದುಕಿದ ಒಂದೇ ಒಂದು ಸ್ಪೀಕರು. ಕಪಾಟನ್ನು ಸೈನಿಕರು ಇಡಿಯಾಗಿ ಹೊತ್ತೊಯ್ದಿದ್ದರು. ಕೀಲಿಕೈ ಮಾತ್ರ ಕೈರೋದಿಂದ ಭದ್ರವಾಗಿ ವಾಪಸು ಬಂದಿತ್ತು.

ಅಂಚೆ ಮತ್ತೆ ಶುರುವಾಗಿತ್ತು. ಮಗಳ ಮೊದಲ ಕಾಗದದಲ್ಲೂ ಅದೇ ಪ್ರಶ್ನೆ: ಅಪ್ಪಾ, ಬಂತಾ?

ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಫಾರಂ ಬರೆದೆ. ಈ ಸಲ ಅಕ್ಷರಕ್ಷರ ನಿಜ: 'ಮಗುವೊಂದು ಬರುವ ಪ್ರತಿ ಬಸ್ಸಿನಲ್ಲೂ ಅಪ್ಪನನ್ನು ಹುಡುಕುತ್ತದೆ. ಸಿಗುವುದಿಲ್ಲ. ಸೀಟಿನ ಕೆಳಗೆ ನೋಡಲು ಕಂಡಕ್ಟರಿಗೆ ಹೇಳುತ್ತದೆ.'

ಮುದೀರರು ಓದಿ ತಲೆ ಅಲ್ಲಾಡಿಸಿದರು. "ಮೇಡಂ, ನೀವು ಯಾವಾಗಲೂ ಪ್ರಾಮಾಣಿಕವಾಗಿ ಬರೆಯುತ್ತಿದ್ದಿರಿ. ಆ ಹಡಗಿನ ಹಾಡು ಎಷ್ಟು ನಿಜವಾಗಿತ್ತು! ಇದು ಮಾತ್ರ ನೀವೇ ಕಟ್ಟಿದ ಕಥೆ. ಸಹಿ ಹಾಕಲಾರೆ."

"ಬೇಡ ಸರ್," ಅಂದೆ. "ಪೆನ್ನು ಜೇಬಲ್ಲಿ ಇಟ್ಟುಕೊಳ್ಳಿ." ಅವರೆದುರೇ ಸ್ವಿಚ್ ಒತ್ತಿ, ವಾಲ್ಯೂಮನ್ನು ಕೊನೆತನಕ ತಿರುಗಿಸಿದೆ.

'ಬಸ್ಸು ಬಂತು ಬಸ್ಸು' ಎಂದು ಮಗು ಗೋದಾಮಿನ ತುಂಬ ಕೂಗಿತು. ಸ್ಟೋರ್‌ಕೀಪರ್ ಸ್ಪೀಕರಿನ ಕೆಳಗೆ ತಲೆ ಎತ್ತಿ ನಿಂತಿದ್ದರು. ಸೀಟಿನಡಿ ಬಂತು, ಅವಳು ನಕ್ಕಳು. ಮುದೀರರ ಬೆರಳು ಮೇಲೆದ್ದಿತು. "ನಗು!"

"ಹೌದು ಸರ್, ನಗು. ಫಾರಂನಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ."

ಅಷ್ಟರಲ್ಲಿ ಇಪ್ಪತ್ತು ಜನವೂ ಅವಳ ಜೊತೆ ನಗುತ್ತಿದ್ದರು. ಮುದೀರರ ಬೆರಳು ನಿಧಾನಕ್ಕೆ ಕೆಳಗಿಳಿಯಿತು. "ಆಮೇಲೆ? ಅಪ್ಪ ಸಿಕ್ಕಿದನಾ?"

"ಕೆಳಗೆ ನಿಂತಿದ್ದಾರೆ, ನೋಡಿ."

ಅವರು ಕಿಟಕಿಯಿಂದ ನೋಡಿದರು. ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಸ್ಟೋರ್‌ಕೀಪರ್ ಕಂಡರು. ಮುದೀರರು ಜೇಬಿನಿಂದ ಪೆನ್ನು ತೆಗೆದರು. ಹಾಳೆಗೆ ಸಹಿ ಹಾಕಿ, ಉದ್ದೇಶ ಅನ್ನುವಲ್ಲಿ ನಾನು ಬರೆದಿದ್ದ 'ಚಹಾ'ವನ್ನು ಹೊಡೆದುಹಾಕಿ 'ಪ್ರತಿದಿನ' ಎಂದು ಬರೆದರು.

ಅಂದೇ ಸ್ಟೋರ್‌ಕೀಪರ್ ಊರಿಗೆ ಕಾಗದ ಹಾಕಿದರು: 'ಬಂತು ಮಗಾ. ದಿನಾ ಬರ್ತಾ ಉಂಟು.' ಉತ್ತರ ಬಂದಾಗ ಓಡಿ ಬಂದು ನನ್ನ ಕೈಗಿಟ್ಟರು. ನಾವು ಅಷ್ಟು ಜನರ ಜೊತೆ ಗುದ್ದಾಡಿ ಹಾಕಿಸಿದ ಹಾಡಿನ ಬಗ್ಗೆ ಹಾಡಿದವಳೇ ಬರೆದಿದ್ದಳು:

'ಅಪ್ಪಾ, ನಾನೀಗ ಮೂರನೇ ಕ್ಲಾಸು. ಆ ಹಾಡು ಸಣ್ಣ ಮಕ್ಕಳದು, ನಾಚಿಕೆ ಆಗ್ತದೆ. ದಿನಾ ಹಾಕುದಾದ್ರೆ ಆ ಆಂಟಿ ಹತ್ರ ಹೇಳಿ ನಾನು ನಗಾಡಿದ್ದನ್ನು ತೆಗೆಸಿ.'

ಬಂದೂಕಿಗೇ ಬಗ್ಗದ ಆಂಟಿ ಇವಳಿಗೆ ಬಗ್ಗುತ್ತಾಳೆಯೇ? ಮರುದಿನ ಹತ್ತು ಗಂಟೆಗೆ ನಗುವಿನ ಜಾಗಕ್ಕೆ ರಿವೈಂಡ್ ಮಾಡಿ ಎರಡು ಸಲ ಹಾಕಿದೆ.